ಕಾಯ್ದೆ ಮಾಡಿದವರೇ ಕಾಯ್ದೆ ಮುರಿದರೆ ಯಾರನ್ನ ಕೇಳೋಣ?



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ. ಅರ್ಧ ಓದಿ ಬೈಯಬೇಡಿ, ಪೂರ್ತಿ ಓದಿ ಬೈಯಿರಿ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು 2013ರಲ್ಲೂ 2023ರಲ್ಲೂ ಸಿದ್ದರಾಮಯ್ಯನವರು ಮುಖ್ಯಮಂತ್ರಿ ಆಗಲಿ ಅಂತ ಕೇರಿ ಕೇರಿ ತಿರುಗಿದವನು. ಯಾರೂ ದುಡ್ಡು ಕೊಟ್ಟಿರಲಿಲ್ಲ. ಆಫೀಸ್ ಮುಗಿಸಿ ಸಂಜೆ ಆರು ಗಂಟೆ ಮೇಲೆ ನನ್ನದೇ ಗಾಡಿ, ನನ್ನದೇ ಪೆಟ್ರೋಲು. ಅದಕ್ಕೆ ಇವತ್ತು ಈ ಪ್ರಶ್ನೆ ಕೇಳೋ ಹಕ್ಕು ನನಗೆ ಬೇರೆಯವರಿಗಿಂತ ಒಂದು ತೂಕ ಜಾಸ್ತಿನೇ ಇದೆ ಅಂದ್ಕೊಂಡಿದೀನಿ.

ವಿಷಯ ನಿಮಗೆಲ್ಲ ಗೊತ್ತಿರೋದೇ. ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ ಗ್ಯಾರಂಟಿಗಳಿಗೆ ಹೋಗ್ತಿರೋದು. 2025ರ ಮಾರ್ಚ್ 7ಕ್ಕೆ ಬಜೆಟ್ ಬಂತು. 2025-26ಕ್ಕೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಉಪಯೋಜನೆಗಳಿಗೆ 42,018 ಕೋಟಿ ಅಂತ ಘೋಷಣೆ ಆಯ್ತು. ಟಿವಿಯಲ್ಲಿ ದೊಡ್ಡ ಅಕ್ಷರದಲ್ಲಿ ಬಂತು. ನಮ್ಮ ಹುಡುಗರು ಸ್ಟೇಟಸ್ಸಿಗೂ ಹಾಕ್ಕೊಂಡ್ರು. ಆದರೆ ಆ ದುಡ್ಡಲ್ಲಿ ಸುಮಾರು 13,433 ಕೋಟಿ ಗ್ಯಾರಂಟಿಗಳ ಲೆಕ್ಕಕ್ಕೆ ಹೋಗುತ್ತೆ ಅನ್ನೋದು ಸ್ಟೇಟಸ್ಸಲ್ಲಿ ಬರಲಿಲ್ಲ. 2024-25ರಲ್ಲಿ 39,121 ಕೋಟಿಯಲ್ಲಿ 14,282 ಕೋಟಿ. ಅದರ ಹಿಂದಿನ ವರ್ಷ 34 ಸಾವಿರ ಕೋಟಿ ಚಿಲ್ಲರೆಯಲ್ಲಿ 11,144 ಕೋಟಿ. ಮೂರು ವರ್ಷ ಕೂಡಿಸಿ ನೋಡಿ, 38 ಸಾವಿರ ಕೋಟಿ ದಾಟುತ್ತೆ. ಅಂದರೆ ಪ್ರತಿ ವರ್ಷ ನಮ್ಮ ಪಾಲಿನ ಮೂರು ರೂಪಾಯಲ್ಲಿ ಹೆಚ್ಚುಕಮ್ಮಿ ಒಂದು ರೂಪಾಯಿ.

ಈ ಲೆಕ್ಕ ನನಗೆ ಎದೆಗೆ ತಾಗಿದ್ದು ಪೇಪರ್ ಓದಿ ಅಲ್ಲ, ನಮ್ಮವ್ವನ ಬಾಯಲ್ಲಿ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಅವ್ವ ಜಗಲಿ ಮೇಲೆ ಕೂತ್ಕೊಂಡು ಅವರೆಕಾಯಿ ಸುಲೀತಿದ್ಲು. ನಾನು ಫೋನಲ್ಲಿ ನಮ್ಮ ಸಂಘಟನೆಯ ಗೆಳೆಯರ ಜೊತೆ ಇದೇ ವಿಷಯ ಮಾತಾಡ್ತಿದ್ದೆ. ಫೋನ್ ಇಟ್ಟ ಮೇಲೆ ಅವ್ವ ಕೇಳಿದ್ಲು:

"ಏನ್ಲಾ ಅದು, ನಮ್ ದುಡ್ಡು ನಮ್ ದುಡ್ಡು ಅಂತಿದ್ದೆ?"

ನನಗೆ ತಿಳಿದ ಹಾಗೆ ಬಿಡಿಸಿ ಹೇಳಿದೆ. ಅವ್ವ ಓದಿದವಳಲ್ಲ. ಆದರೆ ಕೂಲಿ ಲೆಕ್ಕದಲ್ಲಿ ಅವಳಿಗೆ ಒಂದು ರೂಪಾಯಿ ಮೋಸ ಮಾಡೋಕೆ ಯಾರ ಕೈಲೂ ಆಗಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ಲು:

"ಅಂಗಾರೆ ಮೇಗ್ಲಟ್ಟಿ ಗೌಡ್ರ ಸೊಸೆಗೂ ಎಲ್ಡು ಸಾವ್ರ ಬತ್ತದೆ, ನಂಗೂ ಎಲ್ಡು ಸಾವ್ರ ಬತ್ತದೆ. ಅವ್ಳಿಗೆ ಕೊಡೋದು ಸರ್ಕಾರದ ದುಡ್ಡು, ನಂಗೆ ಕೊಡೋದು ನಂದೇ ದುಡ್ಡಾ?"

ನಾನು ಬಿಎ ಓದಿದವನು. ಇಪ್ಪತ್ತು ವರ್ಷದಿಂದ ಭಾಷಣ ಮಾಡಿದವನು. ಈ ಪ್ರಶ್ನೆಗೆ "ಹೌದವ್ವ" ಅನ್ನೋದು ಬಿಟ್ಟು ನನ್ನ ಹತ್ರ ಬೇರೆ ಉತ್ತರ ಇರಲಿಲ್ಲ.

ಇಡೀ ಬರಹದಲ್ಲಿ ನಾನು ಹೇಳಬೇಕಾಗಿರೋದು ಇಷ್ಟೇ. ಮುಂದಿನದೆಲ್ಲ ಇದರ ವಿವರಣೆ.

ಈ ಕಾಯ್ದೆ ಎಲ್ಲಿಂದ ಬಂತು, ಹೊಸ ಹುಡುಗರಿಗೆ ಗೊತ್ತಿರಲಿ ಅಂತ ಹೇಳ್ತೀನಿ. ಬುಡಕಟ್ಟು ಉಪಯೋಜನೆ ಶುರುವಾಗಿದ್ದು 1974ರ ಹೊತ್ತಿಗೆ, ಐದನೇ ಪಂಚವಾರ್ಷಿಕ ಯೋಜನೆಯಲ್ಲಿ. ಪರಿಶಿಷ್ಟ ಜಾತಿಗಳಿಗೆ ವಿಶೇಷ ಘಟಕ ಯೋಜನೆ ಬಂದಿದ್ದು 1979ರ ಹೊತ್ತಿಗೆ. ಐಡಿಯಾ ಬಹಳ ಸರಳ. ಅಭಿವೃದ್ಧಿಗೆ ಅಂತ ಸರ್ಕಾರ ಇಡೋ ದುಡ್ಡಲ್ಲಿ ನಮ್ಮ ಜನಸಂಖ್ಯೆಗೆ ತಕ್ಕ ಪಾಲನ್ನ ಬೇರೆಯಾಗಿ ಎತ್ತಿಡಬೇಕು. ಯಾಕೆ ಬೇರೆ ಎತ್ತಿಡಬೇಕು? ಎಲ್ಲರ ಜೊತೆ ಸೇರಿಸಿದರೆ ಅದು ನಮ್ಮ ಕೇರಿಗೆ ಬಂದು ಮುಟ್ಟಲ್ಲ ಅಂತ. ಊರಿನ ಬಾವಿಯ ನೀರು ಎಲ್ಲರಿಗೂ ಅಂತ ಹೇಳಿದ್ರು, ನಮಗೆ ಸಿಕ್ತಾ? ಹಂಗೆ.

ಆದರೆ ಮೂವತ್ತು ಮೂವತ್ತೈದು ವರ್ಷ ಇದು ಬರೀ ಸುತ್ತೋಲೆಗಳ ಮೇಲೆ ನಡೀತು. ಸುತ್ತೋಲೆಗೆ ಹೆದರೋರು ಯಾರು? ವರ್ಷದ ಕೊನೆಗೆ ದುಡ್ಡು ಖರ್ಚಾಗದೆ ಉಳೀತಿತ್ತು, ಇಲ್ಲ ಬೇರೆ ಕಡೆ ಹೋಗ್ತಿತ್ತು. ಅದಕ್ಕೇ ದಲಿತ ಸಂಘಟನೆಗಳು ಬೀದಿಗಿಳಿದು ಕೇಳಿದ್ದು: ಸುತ್ತೋಲೆ ಬೇಡ, ಕಾಯ್ದೆ ಕೊಡಿ. ಮೊದಲು ಕೊಟ್ಟಿದ್ದು ಪಕ್ಕದ ಆಂಧ್ರ, 2013ರ ಶುರುವಿನಲ್ಲಿ. ಅದೇ ವರ್ಷದ ಕೊನೆಗೆ ಸಿದ್ದರಾಮಯ್ಯನವರ ಸರ್ಕಾರ ನಮ್ಮಲ್ಲೂ ತಂತು. ದೇಶದಲ್ಲಿ ಎರಡನೇ ರಾಜ್ಯ ನಮ್ಮದು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಕೇರಿಯ ಅಂಬೇಡ್ಕರ್ ಭವನದ ಮುಂದೆ ಸಿಹಿ ಹಂಚಿದ್ವಿ. ನಾನು ಮೈಕ್ ಹಿಡಿದು, "2011ರ ಜನಗಣತಿ ಪ್ರಕಾರ ನಾವು ರಾಜ್ಯದಲ್ಲಿ ನೂರಕ್ಕೆ 24 ಜನ. ಇನ್ಮೇಲೆ ನಮ್ಮ ಪಾಲು ಭಿಕ್ಷೆ ಅಲ್ಲ, ಕಾನೂನು" ಅಂತ ಕೂಗಿದ್ದೆ. ಎದುರಿಗೆ ಕೂತಿದ್ದ ಚಿಕ್ಕ ಹುಡುಗರು ಚಪ್ಪಾಳೆ ಹೊಡೆದಿದ್ರು. ಆ ಹುಡುಗರಲ್ಲಿ ಒಬ್ಬ ಈಗ ಡಿಗ್ರಿ ಮುಗಿಸಿದಾನೆ. ಮೊನ್ನೆ ನನಗೆ ಮೆಸೇಜ್ ಹಾಕಿದ್ದ: "ಅಣ್ಣಾ, ಅವತ್ತು ಕಾನೂನು ಅಂದಿದ್ರಲ್ಲ, ಈಗೇನಂತೀರಾ?"

ಈ ಬರಹ ಅವನಿಗೆ ಕೊಡೋ ಉತ್ತರ ಅಂತನೂ ತಿಳ್ಕೊಳ್ಳಿ.

ಈಗ ಕಾಯ್ದೆ ಒಳಗೆ ಏನಿದೆ ನೋಡೋಣ. ಜಗಳ ಇರೋದು ಏಳನೇ ಸೆಕ್ಷನ್ನಲ್ಲಿ. ದುಡ್ಡನ್ನ ಯಾವುದಕ್ಕೆ ಖರ್ಚು ಮಾಡಬಹುದು ಅಂತ ಅದು ಹೇಳುತ್ತೆ. ನಮ್ಮ ಜನಕ್ಕೆ ನೇರವಾಗಿ ಮುಟ್ಟೋ ಯೋಜನೆ, ನಮ್ಮ ಕೇರಿ-ಹಾಡಿಗಳ ಕೆಲಸ, ಇವು ಸರಿ. ಇದರಲ್ಲಿ ಯಾರಿಗೂ ತಕರಾರಿಲ್ಲ. ಆಮೇಲೆ 7ಸಿ ಬರುತ್ತೆ. ಎಲ್ಲರಿಗೂ ಇರೋ ಸಾಮಾನ್ಯ ಯೋಜನೆಯಲ್ಲಿ ಎಸ್‌ಸಿ, ಎಸ್‌ಟಿ ಫಲಾನುಭವಿಗಳು ಎಷ್ಟಿದಾರೋ ಅಷ್ಟು ಪ್ರಮಾಣದ ಖರ್ಚನ್ನ ಈ ಹಣದಲ್ಲಿ ತೋರಿಸಬಹುದು ಅನ್ನುತ್ತೆ. ಅದಾದ ಮೇಲೆ 7ಡಿ ಇತ್ತು. ಭಾಗ ಮಾಡಲಾಗದ ದೊಡ್ಡ ಕಾಮಗಾರಿಗಳಲ್ಲಿ ಒಂದು ಪಾಲನ್ನ ನಮ್ಮ ಅಭಿವೃದ್ಧಿಗೇ ಆಗಿದೆ ಅಂತ "ಭಾವಿಸಬಹುದು" ಅಂತ.

ಭಾವಿಸೋದು! ಹೆದ್ದಾರಿ ಮೇಲೆ ನಮ್ಮೋರೂ ಓಡಾಡ್ತಾರೆ, ಅದಕ್ಕೆ ಹೆದ್ದಾರಿ ಖರ್ಚಲ್ಲಿ ಸ್ವಲ್ಪ ನಮ್ಮ ಹೆಸರಿಗೆ. ಕಾಲುವೆ ನೀರು ಯಾರ ಗದ್ದೆಗೋ ಹೋಗುತ್ತೆ, ಬಿಲ್ಲು ಭೂಮಿಯೇ ಇಲ್ಲದ ನಮ್ಮ ಹೆಸರಿಗೆ. ಬಿಜೆಪಿ ಆಡಳಿತದಲ್ಲಿ ಈ 7ಡಿ ಬಾಗಿಲಿಂದ ಸಾವಿರಾರು ಕೋಟಿ ಹೊರಗೆ ಹೋಯ್ತು. ಅದನ್ನ ಮರೆತು ಇವತ್ತು ಬಿಜೆಪಿಯವರು "ದಲಿತರ ಹಣ ಲೂಟಿ" ಅಂತ ಪ್ಲಕಾರ್ಡ್ ಹಿಡಿದು ನಿಂತರೆ ನನಗೆ ನಗು ಬರುತ್ತೆ. ಸ್ವಾಮಿ, ಆ ಬಾಗಿಲಲ್ಲಿ ನಿಮ್ಮ ಕಾಲಿನ ಧೂಳು ಇನ್ನೂ ಒಣಗಿಲ್ಲ.

ಆದರೆ ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಆ ಬಾಗಿಲು ಇಟ್ಟಿದ್ದು ಯಾರು? 2013ರ ಇದೇ ಕಾಯ್ದೆ. ಕಾಂಗ್ರೆಸ್ಸಿನವರು ವಿರೋಧ ಪಕ್ಷದಲ್ಲಿದ್ದಾಗ 7ಡಿ ಅನ್ಯಾಯ, ಅಧಿಕಾರಕ್ಕೆ ಬಂದರೆ ಕಿತ್ತು ಹಾಕ್ತೀವಿ ಅಂದ್ರು. 2023ರಲ್ಲಿ ಬಂದ್ರು, ಕಿತ್ತು ಹಾಕಿದ್ರು. ನಾವು ಮತ್ತೆ ಸಿಹಿ ಹಂಚಿದ್ವಿ.

ನಮ್ಮ ಬಾಯಲ್ಲಿ ಸಿಹಿ ಇರೋವಾಗಲೇ ಪಕ್ಕದ ಬಾಗಿಲು ತೆರೆದರು. 7ಸಿ. 7ಡಿ ಹೋದ ವರ್ಷವೇ 11 ಸಾವಿರ ಕೋಟಿ ಗ್ಯಾರಂಟಿ ಲೆಕ್ಕಕ್ಕೆ ಹೋಯ್ತು.

ಸರ್ಕಾರದ ವಾದ ಏನು ಅನ್ನೋದನ್ನ ನಾನು ಮುಚ್ಚಿಡಲ್ಲ. ಮುಖ್ಯಮಂತ್ರಿಗಳೂ ಸಮಾಜ ಕಲ್ಯಾಣ ಸಚಿವ ಮಹದೇವಪ್ಪನವರೂ ಹೇಳೋದು ಹೀಗೆ: ಒಂದು ಪೈಸೆನೂ ಬೇರೆಯವರಿಗೆ ಹೋಗಿಲ್ಲ. ಗ್ಯಾರಂಟಿ ಪಡೆಯೋರಲ್ಲಿ ಎಸ್‌ಸಿ, ಎಸ್‌ಟಿ ಕುಟುಂಬಗಳೂ ಇವೆ. ಅವರಿಗೆ ಹೋಗೋ ದುಡ್ಡನ್ನ ಮಾತ್ರ ಈ ಹಣದಿಂದ ಕೊಡ್ತಿದೀವಿ. ಕಾಯ್ದೆ ಇದಕ್ಕೆ ಅವಕಾಶ ಕೊಡುತ್ತೆ. ಇದು ದುರ್ಬಳಕೆ ಅಲ್ಲ.

ಅಕ್ಷರ ಹಿಡಿದು ನೋಡಿದರೆ 7ಸಿ ಅವರಿಗೆ ಜಾಗ ಕೊಡುತ್ತೆ, ಒಪ್ತೀನಿ. ಆದರೆ ಕಾಯ್ದೆ ಯಾಕೆ ಮಾಡಿದ್ರು? ಉಳಿದವರಿಗೂ ನಮಗೂ ನಡುವೆ ಇರೋ ಅಂತರ ತಗ್ಗಿಸೋಕೆ. ಈಗ ಲೆಕ್ಕ ಹಾಕಿ. ಗೌಡ್ರ ಸೊಸೆಗೆ ವರ್ಷಕ್ಕೆ 24,000. ನಮ್ಮವ್ವನಿಗೂ 24,000. ಇಬ್ಬರಿಗೂ ಒಂದೇ ಸಮ ಕೊಟ್ಟ ಮೇಲೆ ಇಬ್ಬರ ನಡುವಿನ ಅಂತರ ಎಷ್ಟು ಕಮ್ಮಿ ಆಯ್ತು? ಸೊನ್ನೆ. ಅಂತರ ತಗ್ಗಿಸೋಕೆ ಅಂತ ಬೇರೆ ಎತ್ತಿಟ್ಟ ದುಡ್ಡಿತ್ತಲ್ಲ, ಅದು ಎಲ್ಲಿ? ಅದೇ ಈ 24,000. ಅಂದರೆ ಗೌಡ್ರ ಸೊಸೆಗೆ ರಾಜ್ಯದ ಪ್ರಜೆ ಅಂತ ಸಿಕ್ಕಿದ್ದನ್ನ ನಮ್ಮವ್ವ ತನ್ನ ಮೊಮ್ಮಕ್ಕಳ ಹಾಸ್ಟೆಲ್ಲು, ಕೊಳವೆಬಾವಿ, ಸ್ಕಾಲರ್‌ಶಿಪ್ಪು ಬಿಟ್ಟುಕೊಟ್ಟು ಪಡೆದಂಗಾಯ್ತು.

ನಾನು ಹೊಟ್ಟೆಪಾಡಿಗೆ ಗುಮಾಸ್ತ. ದಿನಾ ಬೆಳಗಾದರೆ ವೋಚರು, ಬಿಲ್ಲು, ಲೆಡ್ಜರು. ನಮ್ಮ ಕೆಲಸದಲ್ಲಿ ಮೊದಲು ಕಲಿಯೋ ಪಾಠ ಯಾವುದು ಗೊತ್ತಾ? ಯಾವ ಹೆಡ್ಡಿಗೆ ಬಂದ ದುಡ್ಡು ಅದೇ ಹೆಡ್ಡಲ್ಲೇ ಖರ್ಚಾಗಬೇಕು. ಕಟ್ಟಡ ದುರಸ್ತಿಗೆ ಬಂದ ದುಡ್ಡಲ್ಲಿ ಎಲ್ಲರಿಗೂ ಹಬ್ಬದ ಬೋನಸ್ ಕೊಟ್ಟು, "ಕಟ್ಟಡದ ಒಳಗೆ ಕೂತವರಿಗೇ ತಾನೆ ಕೊಟ್ಟಿದ್ದು" ಅಂದರೆ ಆಡಿಟ್‌ನವರು ಬಿಡ್ತಾರಾ? ಬೋನಸ್ ತಪ್ಪಲ್ಲ. ಆದರೆ ಮಳೆಗಾಲ ಬಂದಾಗ ಸೂರು ಸೋರುತ್ತೆ. ಆಗ ಬೋನಸ್ ತಗೊಂಡವನ ತಲೆ ಮೇಲೇ ಸೋರೋದು.

ನನ್ನಂಥ ಗುಮಾಸ್ತ ಈ ತಪ್ಪು ಮಾಡಿದರೆ ಮೆಮೊ ಬರುತ್ತೆ, ಸಂಬಳದಲ್ಲಿ ಹಿಡೀತಾರೆ. ಈ ಕಾಯ್ದೆಯಲ್ಲೂ ಬೇಕಂತಲೇ ನಿರ್ಲಕ್ಷ್ಯ ಮಾಡೋ ಅಧಿಕಾರಿಗೆ ಶಿಕ್ಷೆ ಅಂತ ಬರೆದಿದೆ. ಮುಖ್ಯಮಂತ್ರಿಗಳೇ ಸಭೆಗಳಲ್ಲಿ ಅಧಿಕಾರಿಗಳಿಗೆ ಎಚ್ಚರಿಕೆ ಕೊಡ್ತಾರೆ, ದುಡ್ಡು ಸರಿಯಾಗಿ ಖರ್ಚು ಮಾಡದಿದ್ರೆ ಕ್ರಮ ಅಂತ. ಒಳ್ಳೇದೇ. ಆದರೆ ಈ ಕಾಯ್ದೆಯಡಿ ಇರೋ ರಾಜ್ಯ ಪರಿಷತ್ತಿಗೆ ಅಧ್ಯಕ್ಷರು ಯಾರು? ಮುಖ್ಯಮಂತ್ರಿಗಳೇ. ಬಜೆಟ್ ಓದಿದ ಹಣಕಾಸು ಮಂತ್ರಿ ಯಾರು? ಅವರೇ. ಕಾಯ್ದೆ ತಂದವರು ಯಾರು? ಅವರೇ. ತಾಲ್ಲೂಕು ಮಟ್ಟದ ಅಧಿಕಾರಿ ಹತ್ತು ಲಕ್ಷ ತಪ್ಪಿಸಿದರೆ ನಿರ್ಲಕ್ಷ್ಯ. ಹದಿಮೂರು ಸಾವಿರ ಕೋಟಿಯ ಹೆಡ್ಡು ಬದಲಾಯಿಸಿದರೆ ಅದಕ್ಕೆ ನೀತಿ ನಿರ್ಧಾರ ಅಂತ ಹೆಸರು.

ಬಸ್ಸಿನ ವಿಷಯ ಇನ್ನೂ ಚೆನ್ನಾಗಿದೆ. ಶಕ್ತಿ ಯೋಜನೆ ಬಂದ ಮೇಲೆ ನಮ್ಮಕ್ಕ ಗಾರ್ಮೆಂಟ್ಸಿಗೆ ಫ್ರೀಯಾಗಿ ಹೋಗಿ ಬರ್ತಾಳೆ. ನನಗೆ ಖುಷಿ ಇದೆ. ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡ್ತಾನೆ, ಜಾತಿ ಕೇಳಲ್ಲ. ಕೇಳಲೂಬಾರದು. ಅದೇ ಆ ಯೋಜನೆಯ ದೊಡ್ಡತನ. ನನ್ನ ಪ್ರಶ್ನೆ ಒಂದೇ. ಬಸ್ಸಲ್ಲಿ ಯಾರೂ ಜಾತಿ ಕೇಳದೇ ಇರೋವಾಗ, ವಿಧಾನಸೌಧದ ಲೆಕ್ಕದ ಪುಸ್ತಕದಲ್ಲಿ ನಮ್ಮಕ್ಕನ ಟಿಕೆಟ್ಟಿಗೆ ಜಾತಿ ಹೆಂಗೆ ಬಂತು? ಪಕ್ಕದ ಸೀಟಿನ ಹೆಂಗಸು ಬರೀ ಹೆಂಗಸು. ನಮ್ಮಕ್ಕ ಮಾತ್ರ ಪರಿಶಿಷ್ಟ ಜಾತಿ ಹೆಂಗಸು, ಅವಳ ಟಿಕೆಟ್ ದುಡ್ಡು ಅವಳ ಕೇರಿಯ ಖಾತೆಯಿಂದ. ಒಂದೇ ಬಸ್ಸು, ಎರಡು ಖಾತೆ. ಹೋಟೆಲ್ಲಲ್ಲಿ ಎರಡು ಲೋಟ ಇಡೋದನ್ನ ನಾವು ಜಗಳ ಆಡಿ ನಿಲ್ಲಿಸಿದ್ವಿ. ಇದು ಕಣ್ಣಿಗೆ ಕಾಣದ ಎರಡನೇ ಲೋಟ.

ಗ್ಯಾರಂಟಿ ವಿರೋಧಿ ಅಂತ ನನ್ನ ಮೇಲೆ ಬೀಳೋರಿಗೆ ಮತ್ತೆ ಹೇಳ್ತೀನಿ. ನಾನು ಗ್ಯಾರಂಟಿ ಪರ. ಅವ್ವನ ಬಿಪಿ ಮಾತ್ರೆ ಆ ಎರಡು ಸಾವಿರದಲ್ಲೇ ಬರೋದು. ನನ್ನ ಹತ್ರ ಕೈ ಚಾಚದೆ ಅವಳೇ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಮಾತ್ರೆ ತರ್ತಾಳೆ, ಆಗ ಅವಳ ಮುಖ ನೋಡಬೇಕು. ಬಿಟ್ಟಿ ಭಾಗ್ಯ ಅಂತ ಹಂಗಿಸೋರಿಗೆ ನಾನೇ ಎಷ್ಟೋ ಸಲ ಉತ್ತರ ಕೊಟ್ಟಿದೀನಿ. ಗ್ಯಾರಂಟಿ ಕೊಡಿ, ಇನ್ನೂ ಕೊಡಿ. ಆದರೆ ಎಲ್ಲರಿಗೂ ಕೊಡೋ ದುಡ್ಡನ್ನ ಎಲ್ಲರ ಖಜಾನೆಯಿಂದ ಕೊಡಿ. ನಮ್ಮವ್ವನೂ ಈ ರಾಜ್ಯದ ಪ್ರಜೆ. ಅಂಗಡಿಯಲ್ಲಿ ಬೆಂಕಿಪೊಟ್ಟಣ ತಗೊಂಡರೂ ತೆರಿಗೆ ಕಟ್ಟೋಳು. ಸಾಮಾನ್ಯ ಖಜಾನೆಯಲ್ಲಿ ಅವಳಿಗೂ ಪಾಲಿಲ್ವಾ?

ಈ ದುಡ್ಡು ಹೋದರೆ ಏನಾಗುತ್ತೆ ಅಂತ ಕೇಳೋರು ಕೇರಿಗೆ ಬನ್ನಿ. ನಮ್ಮ ಕೇರಿಯ ಒಬ್ಬಳು ಹುಡುಗಿ, ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸು. ತಾಲ್ಲೂಕಲ್ಲಿ ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕಿದ್ಲು. ಇರೋ ಸೀಟು ಕಮ್ಮಿ, ಅರ್ಜಿ ಜಾಸ್ತಿ. ಸಿಗಲಿಲ್ಲ. ಫ್ರೀ ಬಸ್ ಇದೆಯಲ್ಲ, ಓಡಾಡು ಅಂದ್ರು. ಊರಿಗೆ ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು. ಒಂದು ವರ್ಷ ಓಡಾಡಿದ್ಲು. ಸಂಜೆ ಬಸ್ಸು ತಪ್ಪಿದ ದಿನ ಅಪ್ಪ ಟಾರ್ಚು ಹಿಡ್ಕೊಂಡು ಮೇನ್ ರೋಡಿಗೆ ಹೋಗಿ ನಿಲ್ತಿದ್ದ. ಎರಡನೇ ವರ್ಷ ಬಿಡಿಸಿ ಮದುವೆ ಮಾಡಿದ್ರು. ಈಗ ಅವಳ ಹೆಸರಿಗೂ ಗೃಹಲಕ್ಷ್ಮಿ ದುಡ್ಡು ಬರ್ತಿದೆಯಂತೆ. ಸರ್ಕಾರದ ಲೆಕ್ಕದಲ್ಲಿ ಆ ಹುಡುಗಿ ಫಲಾನುಭವಿ. ನನ್ನ ಲೆಕ್ಕದಲ್ಲಿ ಅವಳು ಡಿಗ್ರಿ ಕಳ್ಕೊಂಡ ಹುಡುಗಿ.

ನಾನೂ ಹಾಸ್ಟೆಲ್ಲಲ್ಲಿ ಓದಿದವನು. ಹುಳ ಬಿದ್ದ ಅಕ್ಕಿ, ನೀರು ಸಾರು, ಒಂದು ಕೋಣೆಗೆ ಹದಿನಾಲ್ಕು ಜನ. ಆದರೂ ಆ ಸೂರು ಇದ್ದಿದ್ದಕ್ಕೆ ಇವತ್ತು ಮೇಜಿನ ಈಚೆ ಕೂತು ಈ ನಾಲ್ಕಕ್ಷರ ಬರೀತಿದೀನಿ. ತಿಂಗಳಿಗೆ ಎರಡು ಸಾವಿರ ಒಂದು ತಿಂಗಳು ಹೊಟ್ಟೆ ತುಂಬಿಸುತ್ತೆ, ಅದು ಬೇಕು. ಹಾಸ್ಟೆಲ್ಲು ಒಂದು ತಲೆಮಾರನ್ನೇ ಎತ್ತುತ್ತೆ, ಅದೂ ಬೇಕು. ಒಂದನ್ನ ತೋರಿಸಿ ಇನ್ನೊಂದನ್ನ ಕಿತ್ಕೋಬೇಡಿ ಅಂತ ಅಷ್ಟೇ ನಾನು ಹೇಳ್ತಿರೋದು.

ಇಷ್ಟು ಕೋಪ ಯಾಕೆ, ಬೇರೆ ಸರ್ಕಾರ ಇದ್ದಿದ್ರೆ ಇನ್ನೂ ಜಾಸ್ತಿ ಹೊಡೀತಿತ್ತು ಅಂತ ಗೆಳೆಯರು ಹೇಳ್ತಾರೆ. ಇರಬಹುದು. ಆದರೆ ಕೋಪದಲ್ಲೂ ಎರಡು ತರ ಇದೆ. ಹೊರಗಿನವನು ಕದ್ದರೆ ಬರೋ ಕೋಪ ಬೇರೆ, ಮನೆ ಬೀಗ ಮಾಡಿಸಿಕೊಟ್ಟವನೇ ಬೀಗ ತೆಗೆದರೆ ಬರೋ ಕೋಪ ಬೇರೆ. ಇಂಗ್ಲೆಂಡಿನ ಒಂದು ಕತೆ ನೆನಪು ಮಾಡ್ಕೊಳ್ಳಿ. ಕೊರೊನಾ ಟೈಮಲ್ಲಿ ಅಲ್ಲಿನ ಪ್ರಧಾನಿ ಬೋರಿಸ್ ಜಾನ್ಸನ್, ಯಾರೂ ಗುಂಪು ಸೇರಬೇಡಿ ಅಂತ ಕಾನೂನು ಮಾಡಿದ್ರು. ಜನ ಹೆತ್ತವರ ಮುಖ ಕೊನೇ ಸಲ ನೋಡಕ್ಕಾಗದೆ ಮಣ್ಣು ಮಾಡಿದ್ರು. ಅದೇ ಹೊತ್ತಿಗೆ ಅವರ ಕಚೇರಿಯಲ್ಲಿ ಪಾರ್ಟಿಗಳು ನಡೆದಿದ್ದು ಆಮೇಲೆ ಹೊರಗೆ ಬಂತು. 2022ರಲ್ಲಿ ಅವರದೇ ಪೊಲೀಸರು ಅವರಿಗೆ 50 ಪೌಂಡ್ ದಂಡ ಹಾಕಿದ್ರು. ದಂಡ ಏನು ದೊಡ್ಡದಲ್ಲ. ಆದರೆ ಜನರ ಸಿಟ್ಟು ಆರಲಿಲ್ಲ. ಆ ಸಿಟ್ಟು ಕೇಕಿಗಲ್ಲ. ನೀನೇ ಮಾಡಿದ ಕಾನೂನು, ನಾವು ಪಾಲಿಸಿದ್ವಿ, ನೀನು ಪಾಲಿಸಲಿಲ್ಲ ಅನ್ನೋದಕ್ಕೆ. ಅಲ್ಲಿ ದಂಡದ ಚೀಟಿ ಪ್ರಧಾನಿ ಟೇಬಲ್ಲಿಗೆ ಹೋಯ್ತು. ಇಲ್ಲಿ ಪ್ರಶ್ನೆ ಕೂಡ ಹೋಗಬಾರದು ಅಂದರೆ ಹೆಂಗೆ?

ಸಿದ್ದರಾಮಯ್ಯನವರು ನಮಗೆ ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ. ಹೇಳಿದರೆ ನಾಲಿಗೆ ಬಿದ್ದು ಹೋದೀತು. ಈ ಕಾಯ್ದೆ ಬಂದ ಮೇಲೆ ನಮಗೆ ಎತ್ತಿಡೋ ಮೊತ್ತ ಬಹಳ ಹೆಚ್ಚಾಯ್ತು, ಅದು ನಿಜ. ಸರ್ಕಾರಿ ಗುತ್ತಿಗೆಯಲ್ಲಿ ನಮ್ಮ ಹುಡುಗರಿಗೆ ಮೀಸಲಾತಿ ಬಂತು, ಮೊದಲು 50 ಲಕ್ಷದವರೆಗೆ, ಆಮೇಲೆ ಒಂದು ಕೋಟಿವರೆಗೆ. ಇವನ್ನೆಲ್ಲ ಮರೆತವರು ನಾವಲ್ಲ. ಆದರೆ ಉಪಕಾರ ನೆನೆಯೋದು ಬೇರೆ, ಲೆಕ್ಕ ಕೇಳೋದು ಬೇರೆ. ಉಪಕಾರದ ಹೆಸರಲ್ಲಿ ಲೆಕ್ಕ ಕೇಳಬೇಡ ಅಂದರೆ ಅದು ಜೀತದ ಭಾಷೆ. ನಮ್ಮ ತಾತ ಆ ಭಾಷೆ ಕೇಳಿ ಕೇಳಿ ಸತ್ತ.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಆಡಿದ ಮಾತಲ್ಲಿ ಇದೇ ಎಚ್ಚರಿಕೆ ಇದೆ. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಭಕ್ತಿ ಮಾತ್ರ ಅಧಃಪತನಕ್ಕೇ ದಾರಿ ಅನ್ನೋ ಅರ್ಥದ ಮಾತು ಅದು. ನಾವು ಈ ಮಾತನ್ನ ಮೋದಿ ಭಕ್ತರಿಗೆ ಎಷ್ಟು ಸಲ ಹೇಳಿಲ್ಲ? ಹೇಳುವಾಗ ಎಷ್ಟು ಖುಷಿ! ಈಗ ಅದೇ ಕನ್ನಡಿ ನಮ್ಮ ಕಡೆ ತಿರುಗಿದಾಗ ಮುಖ ಯಾಕೆ ತಿರುಗಿಸಬೇಕು?

ಹೋದ ತಿಂಗಳು ಒಂದು ಸಭೆಯಲ್ಲಿ ನಾನು ಈ ವಿಷಯ ಎತ್ತಿದೆ. ನನಗಿಂತ ಹಿರಿಯರು, ನನ್ನನ್ನ ಕೈ ಹಿಡಿದು ಚಳವಳಿಗೆ ತಂದವರು, ಆಚೆ ಕರ್ಕೊಂಡು ಹೋಗಿ ಹೇಳಿದ್ರು: "ತಮ್ಮಾ, ನೀನು ಹೇಳೋದು ಸರಿ. ಆದ್ರೆ ಈಗ ಬೇಡ. ಬಿಜೆಪಿಯವರಿಗೆ ಲಾಭ ಆಯ್ತದೆ." ನಾನು ಅವರ ಮುಂದೆ ತಲೆ ಬಗ್ಗಿಸಿ ಬಂದೆ. ಮಾರನೇ ದಿನ ವಾಟ್ಸಾಪಲ್ಲಿ ಇನ್ಯಾರೋ ಬರೆದಿದ್ರು, "ಇವನು ಮಾರ್ಕೊಂಡಿದಾನೆ" ಅಂತ. ನನ್ನ ಸಂಬಳದ ಚೀಟಿ ಬೇಕಾದರೆ ಕಳಿಸ್ತೀನಿ. ಮಾರ್ಕೊಂಡವನಾಗಿದ್ರೆ ಮಗಳ ಫೀಸಿಗೆ ಸೊಸೈಟಿ ಸಾಲ ಮಾಡ್ತಿರಲಿಲ್ಲ.

ಆ ಹಿರಿಯರಿಗೆ ಅವತ್ತು ಹೇಳಲಾಗದ್ದನ್ನ ಇಲ್ಲಿ ಹೇಳ್ತೀನಿ, ಕ್ಷಮಿಸಿ. ಅಣ್ಣಾ, "ಈಗ ಬೇಡ" ಅನ್ನೋ ಮಾತನ್ನ ನಾವು ಹುಟ್ಟಿದಾಗಿನಿಂದ ಕೇಳ್ತಿದೀವಿ. ಬಿಜೆಪಿ ಇದ್ದಾಗ ಅದು ಬಿಜೆಪಿ, ಹಂಗೇ ಮಾಡೋದು ಅಂದ್ರಿ. ಕಾಂಗ್ರೆಸ್ ಇದ್ದಾಗ ಅದು ನಮ್ಮ ಸರ್ಕಾರ, ಸುಮ್ನಿರು ಅಂತೀರಿ. ಹಂಗಾರೆ ನಮ್ಮ ದುಡ್ಡು ಕೇಳೋಕೆ ಶುಭ ಮುಹೂರ್ತ ಯಾವಾಗ? ಪ್ರಶ್ನೆ ನಾವು ಕೇಳದಿದ್ರೆ ಬಿಜೆಪಿ ಕೇಳುತ್ತೆ. ಅವರಿಗೆ ಲಾಭ ಆಗೋದು ನಾವು ಮಾತಾಡಿದ್ದಕ್ಕಲ್ಲ, ನಾವು ಸುಮ್ಮನಿದ್ದಿದ್ದಕ್ಕೆ.

ಇನ್ನು ನಮ್ಮ ಶಾಸಕರು. ವಿಧಾನಸಭೆಯ 224ರಲ್ಲಿ 36 ಎಸ್‌ಸಿ ಮೀಸಲು, 15 ಎಸ್‌ಟಿ ಮೀಸಲು. ಒಟ್ಟು 51. ಕಳೆದ ಚುನಾವಣೆಯಲ್ಲಿ ಎಸ್‌ಟಿ ಮೀಸಲಿನ 15ರಲ್ಲಿ 14 ಕ್ಷೇತ್ರ ಕಾಂಗ್ರೆಸ್ಸಿಗೆ ಹೋಯ್ತು, ಬಿಜೆಪಿಗೆ ಒಂದೂ ಸಿಗಲಿಲ್ಲ. ಅಂಥಾ ನಂಬಿಕೆ ಇಟ್ಟು ಕೊಟ್ಟ ವೋಟದು. 51 ಜನ ಪಕ್ಷ ಮರೆತು ಒಂದು ದಿನ, ಒಂದೇ ಒಂದು ದಿನ ಸದನದಲ್ಲಿ ಎದ್ದು ನಿಂತು "ಈ ಲೆಕ್ಕ ಕೊಡೋ ತನಕ ಕೂರಲ್ಲ" ಅಂದಿದ್ರೆ ಯಾವ ಸರ್ಕಾರಕ್ಕೆ ತಾನೆ ತಡ್ಕೊಳ್ಳೋಕೆ ಆಗ್ತಿತ್ತು? ಮೀಸಲು ಕ್ಷೇತ್ರ ಇರೋದು ಕಾರಿಗೆ ಬೋರ್ಡ್ ಹಾಕ್ಕೊಳ್ಳೋಕಲ್ಲ ಸ್ವಾಮಿ.

ನಾವು ಕೇಳ್ತಿರೋದು ದೊಡ್ಡದೇನಲ್ಲ.

ಒಂದು, 2025-26ರ 13,433 ಕೋಟಿಯನ್ನ ನಮ್ಮ ಉಪಯೋಜನೆಯಲ್ಲೇ ಉಳಿಸಿ, ಗ್ಯಾರಂಟಿಗೆ ಸಾಮಾನ್ಯ ಬಜೆಟ್ಟಿನಿಂದ ಕೊಡಿ.

ಎರಡು, 7ಡಿ ಕಿತ್ತ ಹಾಗೇ 7ಸಿಯನ್ನೂ ಕೀಳಿ. ಇಲ್ಲ, ಎಲ್ಲ ಪ್ರಜೆಗಳಿಗೂ ಸಮನಾಗಿ ಕೊಡೋ ಯೋಜನೆಗೆ ಈ ಹಣ ಮುಟ್ಟಬಾರದು ಅಂತ ಒಂದು ಸಾಲು ಸೇರಿಸಿ.

ಮೂರು, ಅದರ ಹಿಂದಿನ ಎರಡು ವರ್ಷ ಹೋಗಿದ್ದನ್ನ ಕಂತಿನಲ್ಲಾದರೂ ವಾಪಸ್ ತುಂಬಿ. ಬಡವನ ಸಾಲಕ್ಕೆ ಕಂತು ಕಟ್ಟಿಸ್ಕೊಳ್ಳೋ ಸರ್ಕಾರಕ್ಕೆ ಕಂತು ಕಟ್ಟೋದೂ ಗೊತ್ತಿರಬೇಕು.

ನಾಲ್ಕು, ಯಾವ ಇಲಾಖೆ, ಯಾವ ತಾಲ್ಲೂಕು, ಯಾವ ಕೇರಿಗೆ ಎಷ್ಟು ಖರ್ಚಾಯ್ತು ಅಂತ ಗ್ರಾಮ ಪಂಚಾಯ್ತಿ ಗೋಡೆ ಮೇಲೆ ಕನ್ನಡದಲ್ಲಿ ಬರೆಸಿ. ನಮ್ಮವ್ವನಿಗೆ ಯಾರಾದರೂ ಓದಿ ಹೇಳ್ತಾರೆ.

ಏಪ್ರಿಲ್ 14 ಬರ್ತಿದೆ. ಊರೂರಲ್ಲಿ ಮೆರವಣಿಗೆ, ನೀಲಿ ಬಾವುಟ, ಡಿಜೆ, ಊಟ ಎಲ್ಲಾ ಇರುತ್ತೆ. ಮಂತ್ರಿಗಳು ಬಂದು ಹಾರ ಹಾಕ್ತಾರೆ. ಹಾಕಲಿ, ಬೇಡ ಅನ್ನಲ್ಲ. ಆದರೆ ವೇದಿಕೆಗೆ ಬಂದವರ ಕೈಗೆ ಈ ಸಲ ಹೂವಿನ ಬೊಕ್ಕೆ ಕೊಡಬೇಡಿ. ಈ ನಾಲ್ಕು ಬೇಡಿಕೆ ಬರೆದ ಒಂದು ಹಾಳೆ ಕೊಡಿ. ಮೈಕಲ್ಲಿ ಓದಿ, ಉತ್ತರ ಹೇಳಿ ಅಂತ ಕೇಳಿ. ಕೂಗಾಟ ಬೇಡ, ಕಲ್ಲು ಬೇಡ, ಮರ್ಯಾದೆಯಿಂದಲೇ ಕೇಳಿ. ಆದರೆ ಉತ್ತರ ಬರೋ ತನಕ ಮೈಕ್ ವಾಪಸ್ ತಗೋಬೇಡಿ.

ನಮ್ಮೂರಿನ ವೇದಿಕೆಯಲ್ಲಿ ಆ ಹಾಳೆ ಕೊಡೋದು ನಾನಲ್ಲ. ನಮ್ಮವ್ವನಿಗೆ ಹೇಳಿದೀನಿ. ಹೂಂ ಅಂದಿದಾಳೆ. "ಅಕ್ಷರ ಬರಕಿಲ್ಲ ಅಂತ ಹೆದರ್ಕೊಂಡೀನಾ, ಲೆಕ್ಕ ಬತ್ತದೆ ನಂಗೆ" ಅಂದ್ಲು.

ತಪ್ಪಿದ್ದರೆ ತಿದ್ದಿ, ಸರಿ ಅನ್ನಿಸಿದರೆ ನಾಲ್ಕು ಜನಕ್ಕೆ ಮುಟ್ಟಿಸಿ.

ಜೈ ಭೀಮ್.